ಸೂಜಿಮೀನಿಗೆ ಮೂರು ಕೂಗು

ಮೂರು ಕೂಗಿಗೆ ಒಬ್ಬ ಗಂಡ. ಕರಾರು ಅಷ್ಟೇ.

ಕಡಲಿಗೆ ಇನ್ನೂ ಮಾತು ಬರುತ್ತಿದ್ದ ಕಾಲದಲ್ಲಿ, ಮೂರು ದಂಡೆಗಳ ರಾಜ್ಯದಲ್ಲಿ ಬೆಳ್ಳಕ್ಕ ಎಂಬ ಉಪ್ಪು ಮಾರುವವಳಿದ್ದಳು. ಅಲ್ಲಿನ ಮಾಂತ್ರಿಕ ಬೋಳಂಗ ಬೆಸ್ತರ ಹೆಸರು ಕದ್ದು ಶಂಖದೊಳಗೆ ತುಂಬುತ್ತಿದ್ದ. ಹೆಸರು ಹೋದವನು ಉದ್ದ ಕೊಕ್ಕಿನ ತೆಳ್ಳನೆ ಮೀನಾಗಿ ನೀರಿಗೆ ಬೀಳುತ್ತಿದ್ದ. ಅವನ ಹೆಸರು ಊರಿನವರ ನೆನಪಿಂದಲೂ ಅಳಿಯುತ್ತಿತ್ತು. ಬೆಳ್ಳಕ್ಕನ ಗಂಡ ಹಾಗೆ ಹೋಗಿ ಏಳು ವರ್ಷ. ದಿನಾ ಎರಡು ಬಟ್ಟಲು ಗಂಜಿ ಬಡಿಸಿ ಒಂದನ್ನು ಉಣ್ಣುತ್ತಿದ್ದಳು. ಇನ್ನೊಂದನ್ನು ಮರುದಿನ ತಾನೇ ಉಣ್ಣುತ್ತಿದ್ದಳು. ಚೆಲ್ಲುವ ಹೆಂಗಸಲ್ಲ.

ಕೊನೆಗೆ ಬೋಳಂಗನ ಬಂಡೆಗೇ ಹೋದಳು.

"ಮೂರು ಸಲ ಕೂಗು. ಬಂದರೆ ನಿನ್ನವನು," ಅಂದ ಬೋಳಂಗ. "ಮೊದಲ ಕೂಗು ತಪ್ಪಿದರೆ ನಿನ್ನ ನೆರಳು ನನಗೆ. ಎರಡನೆಯದಕ್ಕೆ ನಗು. ಮೂರನೆಯದಕ್ಕೆ ನೀನೇ."

"ಆಮೇಲೆ ಮಾತು ತಿರುಗಿಸಬಾರದು."

"ಇಲ್ಲವೇ ಇಲ್ಲ."

ಬಡಗಣ ದಂಡೆಯವರು ಆ ಮೀನಿಗೆ ಸೂಜಿಮೀನು ಅನ್ನುತ್ತಿದ್ದರು. "ಸೂಜಿಮೀನೇ!" ಎಂದು ಕೂಗಿದಳು. ಸಾವಿರ ಕೊಕ್ಕು ಎದ್ದು ಮುಳುಗಿದವು. ನೆರಳು ಹೋಯಿತು.

ತೆಂಕಣ ದಂಡೆಯವರು ಕದಿರುಮೀನು ಅನ್ನುತ್ತಿದ್ದರು. "ಕದಿರುಮೀನೇ!" ಎಂದಳು. ಸಾವಿರ ಕೊಕ್ಕು ಎದ್ದು ಮುಳುಗಿದವು. ನಗು ಹೋಯಿತು. ಏಳು ವರ್ಷದಿಂದ ಮೂಲೆಗೆ ಬಿದ್ದ ಸರಕು, ಅವಳೇನೂ ಕೊರಗಲಿಲ್ಲ.

ನಡುದಂಡೆಯಲ್ಲಿ ಒಬ್ಬ ಅಜ್ಜಿ ಸಿಕ್ಕಳು. "ನಾವು ಕೊಕ್ಕುಮೀನು ಅಂತೇವೆ ಮಗಳೇ. ಮೂಳೆ ಹಸಿರು ಅಂತ ಹೇಸಬೇಡ, ತಿನ್ನಲಿಕ್ಕೆ ರುಚಿ."

"ತಿನ್ನಲಿಕ್ಕಲ್ಲ ಅಜ್ಜಿ, ಸಂಸಾರ ಮಾಡ್ಲಿಕ್ಕೆ."

ಬೆಳ್ಳಕ್ಕ ನೀರಿಗಿಳಿದು ಬಾಯಿ ತೆರೆದಳು. ತಡೆದಳು. ಸೂಜಿ, ಕದಿರು, ಕೊಕ್ಕು, ಎಲ್ಲ ಕೊಂಡು ತಿನ್ನುವವರು ಇಟ್ಟ ಹೆಸರು. ಹುಟ್ಟಿದಾಗ ಇಟ್ಟದ್ದು ಬೋಳಂಗನ ಶಂಖದಲ್ಲಿದೆ. ಆದರೆ ಗಂಡನ ಹೆಸರು ಹೇಳಬಾರದೆಂದು ಅವಳು ಒಂದು ದಿನವೂ ಅದನ್ನು ಹಿಡಿದು ಕರೆದವಳಲ್ಲ. ತಾನು ದಿನಾ ಕರೆಯುತ್ತಿದ್ದ ಕರೆಯನ್ನು ಯಾರು ಕದಿಯಬಲ್ಲರು?

ಮನೆಯ ಹೊಸ್ತಿಲಲ್ಲಿ ನಿಂತಂತೆ ನಿಂತಳು.

"ಹ್ವಾಯ್, ಕೇಳ್ತಾ? ಗಂಜಿ ಆರ್ತದೆ, ಬನ್ನಿ!"

ಸಾವಿರ ಮೀನು ಸುಮ್ಮನಿದ್ದವು. ಒಂದು ಮೀನು ಮಾತ್ರ ಅಲೆ ಸೀಳಿಕೊಂಡು ಬಂದು ಅವಳ ಕಾಲಬುಡದಲ್ಲಿ ಮನುಷ್ಯನಾಗಿ ಎದ್ದಿತು.

"ಉಪ್ಪು ಹಾಕಿದ್ದೀಯಾ?" ಅಂದ.

ಕರಾರಿನಲ್ಲಿ ಸೋತ ಬೋಳಂಗನ ಶಂಖ ಒಡೆಯಿತು. ಹೆಸರುಗಳು ಹಾರಿ ಒಡೆಯರನ್ನು ಸೇರಿದವು. ಬೆಸ್ತರೆಲ್ಲ ನೀರಿಂದೆದ್ದು ಮನೆಗಳಿಗೆ ನಡೆದರು. ಮಂತ್ರ ತಿರುಗಿ ಬೋಳಂಗನೇ ಉದ್ದ ಕೊಕ್ಕಿನ ಮೀನಾದ. ಅವನನ್ನು ಕರೆಯುವವರು ಯಾವ ದಂಡೆಯಲ್ಲೂ ಇರಲಿಲ್ಲ.

ಮೂರು ದಂಡೆಯವರೂ ಸುಖವಾಗಿದ್ದರು. ಬೆಳ್ಳಕ್ಕನಿಗೆ ಬಂದದ್ದು: ಗಂಡ ಒಬ್ಬ, ಉಗುರು ಮಾತ್ರ ಹಸಿರು; ನೆರಳು ಒಂದು; ನಗು ಒಂದು, ಸ್ವಲ್ಪ ತುಕ್ಕು ಹಿಡಿದದ್ದು. ಬಾರದೆ ಹೋದದ್ದು ಏಳು ವರ್ಷ. ಎರಡನೆಯ ಬಟ್ಟಲು ಅಂದೇ ಖಾಲಿಯಾಯಿತು.