ಕಿಂಡಿಗೆ ತುರುಕಿದ ವಾರಪತ್ರಿಕೆ

ಸಂಕ್ರಾಂತಿ ಕಳೆದು ಒಂದು ವಾರವಾಗಿತ್ತು. ಹಾರಂಗಿ ಹಿನ್ನೀರಿನ ಕಡೆಯಿಂದ ಬೀಸುವ ಗಾಳಿ ಬೆಳಗ್ಗೆ ಹತ್ತರವರೆಗೂ ಮೂಳೆಗಿಳಿಯುತ್ತಿತ್ತು, ಆಮೇಲೆ ಬಿಸಿಲು ಬೆನ್ನು ಸುಡುತ್ತಿತ್ತು. ಕಾಮಾಕ್ಷಮ್ಮನ ವಸತಿಗೃಹದ ಹಿಂದಿನ ಕಣದಲ್ಲಿ ಅರ್ಧ ಜಾಗಕ್ಕೆ ಕಾಫಿ ಹಣ್ಣು ಹರಡಿತ್ತು, ಉಳಿದರ್ಧಕ್ಕೆ ಪುಸ್ತಕ. ಸಣ್ಣಸ್ವಾಮಿ ಒಂದು ಕೈಯಲ್ಲಿ ಕಾಫಿ ಕೆದಕುವ ಹಲಗೆ ಹಿಡಿದು, ಇನ್ನೊಂದರಲ್ಲಿ ಪುಸ್ತಕಗಳ ಮಗ್ಗುಲು ತಿರುಗಿಸುತ್ತ ಬೆಳಗಿನಿಂದ ಓಡಾಡುತ್ತಿದ್ದ.

ಆರು ರೂಮಿನ ಆ ವಸತಿಗೃಹದಲ್ಲಿ ಟೀವಿ ಇರಲಿಲ್ಲ. ಪ್ರತಿ ರೂಮಿನ ಮೇಜಿನ ಮೇಲೆ ಎರಡು ಪುಸ್ತಕ, ಹಳೆಯ ಪತ್ರಿಕೆಗಳ ಹೊಲಿದ ಸಂಪುಟ ಒಂದು. ಮುಂದಿನ ಜಗಲಿಯ ಮೇಜಿನ ಮೇಲೆ ಆ ವಾರದ ಪತ್ರಿಕೆ. ಇಪ್ಪತ್ತು ವರ್ಷದಿಂದ ಇದೆಲ್ಲ ಸಣ್ಣಸ್ವಾಮಿಯ ಕೆಲಸ. ಪತ್ರಿಕೆ ಹಳತಾದ ಕೂಡಲೇ ಅದರ ಪಿನ್ನು ಕಿತ್ತುಬಿಡುತ್ತಿದ್ದ, ಈ ಥಂಡಿಯಲ್ಲಿ ಪಿನ್ನು ತುಕ್ಕು ಹಿಡಿದು ಕಾಗದ ತಿನ್ನುತ್ತದೆಂದು. ಆಮೇಲೆ ದಾರದಲ್ಲಿ ಹೊಲಿದು ರಟ್ಟು ಕಟ್ಟುತ್ತಿದ್ದ. ಹುಳ ಬರದ ಹಾಗೆ ಮೈದಾ ಅಂಟಿಗೆ ಚಿಟಿಕೆ ನೀಲಿ ಮೈಲುತುತ್ತ ಬೆರೆಸುತ್ತಿದ್ದ. ಇದನ್ನೆಲ್ಲ ಕಲಿಸಿದವರು ಆರನೇ ರೂಮಿನಲ್ಲಿ ಒಂಬತ್ತು ವರ್ಷದಿಂದ ಇರುವ ತಂಗಮ್ಮ, ಸರ್ಕಾರಿ ಗ್ರಂಥಾಲಯದಿಂದ ನಿವೃತ್ತರಾದ ಒಂಟಿ ಹೆಂಗಸು. ಕಳೆದ ವಸ್ತು, ಕಾಣೆಯಾದ ಮನುಷ್ಯ ಅಂದರೆ ಸುತ್ತಿನವರು ಮೊದಲು ಅವರ ಬಾಗಿಲು ತಟ್ಟುತ್ತಿದ್ದರು. ಪೊಲೀಸರೂ ಎರಡು ಸಲ ತಟ್ಟಿದ್ದರು.

ಆ ಗುರುವಾರ ಮೂವರೇ ಗಿರಾಕಿಗಳು. ಒಂದನೇ ರೂಮಿನಲ್ಲಿ ಮೆಣಸಿನ ವ್ಯಾಪಾರಿ ಅಶೋಕ್, ಬಾಗಿಲು ದಾಟಲು ತಲೆ ಬಗ್ಗಿಸಬೇಕಾದ ಆಳು. ಎರಡರಲ್ಲಿ ಜಯಪ್ರಕಾಶ್, ಒಂದು ದೊಡ್ಡ ಎಸ್ಟೇಟಿನಲ್ಲಿ ಮೂವತ್ತು ವರ್ಷ ರೈಟರ್ ಆಗಿ ಲೆಕ್ಕಪತ್ರ ನೋಡಿಕೊಂಡವರು, ಈಗ ಗೂರಲು ರೋಗಿ. ಮೂರರಲ್ಲಿ ಅವರ ತಂಗಿಯ ಮಗ ಸಿದ್ಧಾರ್ಥ. ಮಾವನ ಕೈಕೆಳಗೆ ಕೆಲಸ ಕಲಿತು, ಅವರು ಬಿಟ್ಟ ಕುರ್ಚಿಯಲ್ಲೇ ಈಗ ರೈಟರ್. ಗಿಡ್ಡ, ಮೃದು ಮಾತಿನ ಹುಡುಗ.

ಮಧ್ಯಾಹ್ನ ಜಯಪ್ರಕಾಶ್ ಕಣದ ಅಂಚಿಗೆ ಕುರ್ಚಿ ಹಾಕಿಸಿಕೊಂಡು ಕೂತರು.

"ನಾಳಿದ್ದು ಸೋಮವಾರಪೇಟೆ ಕೋರ್ಟಲ್ಲಿ ಸಾಕ್ಷಿ ಹೇಳೋದಿದೆ ಕಣಯ್ಯ," ಎಂದು ಸಣ್ಣಸ್ವಾಮಿಗೆ ಅಂದರು. "ಮೂರು ವರ್ಷದ ಹಿಂದೆ ತೋಟದ ಆಳುಗಳ ಲೈನ್ ಮನೆ ಗೋಡೆ ಬಿದ್ದು ಪುಟ್ಟ ಅಂತ ಒಬ್ಬ ಆಳು ಸತ್ತ. ಅದಕ್ಕೆ ಮುಂಚೆನೇ ಗೋಡೆ ರಿಪೇರಿ ಆಗಿದೆ ಅಂತ ಲೆಕ್ಕದ ಪುಸ್ತಕದಲ್ಲಿದೆ. ಒಂದು ಇಟ್ಟಿಗೆನೂ ಮುಟ್ಟಿರ್ಲಿಲ್ಲ. ಕುಡಿದು ಗುದ್ದಿ ಬೀಳಿಸ್ಕೊಂಡ ಅಂತ ಬರೆದು ಮುಗಿಸಿದ್ರು. ಅವನ ಹೆಂಡ್ತಿ ಬೆಳ್ಳಿ ಇವತ್ತಿಗೂ ಕೋರ್ಟ್ ಮೆಟ್ಲು ಹತ್ತುತ್ತಾಳೆ. ಅವಳದೊಂದು ಋಣ ನನ್ನ ಮೇಲೆ ಉಳಿದಿದೆ."

"ಆ ಸುಳ್ಳಿಗೆ ರುಜು ಹಾಕಿದ್ದು ಯಾರು ಸ್ವಾಮಿ?"

"ಅದನ್ನ ಕೋರ್ಟಲ್ಲೇ ಹೇಳ್ಬೇಕು. ಹೇಳೋಕೆ ಬಾಯಿ ಬರಲ್ಲ, ಆದ್ರೂ ಹೇಳ್ತೀನಿ."

ಕಾಫಿ ಲೋಟ ಹಿಡಿದು ಆ ಕಡೆ ಹಾದುಹೋದ ಅಶೋಕ್ ನಕ್ಕ. "ದೊಡ್ಡೋರ ತೋಟದ ವಿಷಯ ಯಾಕೆ ಬೀದಿಗೆಳೀತೀರಿ? ನಾನು ಮೆಣಸು ಎತ್ತೋದೂ ಅಲ್ಲೇ. ನನ್ನ ಹೊಟ್ಟೆಗೂ ಕಲ್ಲು ಹಾಕ್ಬೇಡಿ."

"ನಿನ್ನ ಹೊಟ್ಟೆಗೆ ಕಲ್ಲೂ ಅರಗುತ್ತೆ ಬಿಡು," ಎಂದರು ಜಯಪ್ರಕಾಶ್. ಇಬ್ಬರಿಗೂ ಮಾತು ಬೆಳೆದು, ಕಾಮಾಕ್ಷಮ್ಮ ಒಳಗಿನಿಂದ ಗದರಬೇಕಾಯಿತು.

ಸಂಜೆ ಸಣ್ಣಸ್ವಾಮಿ ಪುಸ್ತಕಗಳನ್ನು ಒಳಗೆ ತಂದ. ಆಗಷ್ಟೇ ರಟ್ಟು ಕಟ್ಟಿದ ಐದು ಸಂಪುಟಗಳನ್ನು ರೂಮುಗಳ ಹಿಂದಿನ ಪಡಸಾಲೆಯಲ್ಲಿ ಒಂದರ ಮೇಲೊಂದು ಪೇರಿಸಿ, ಅಂಟು ಕಚ್ಚಲೆಂದು ಮೇಲೊಂದು ಚಪ್ಪಡಿ ಕಲ್ಲಿಟ್ಟ. ಬೆನ್ನಿಗೆ ಥಂಡಿ ಇಳಿದ ಪುಸ್ತಕಗಳನ್ನು ಪುಸ್ತಕದ ಕೋಣೆಗೆ ಒಯ್ದು, ಬಾಣಲೆ ತುಂಬ ಕೆಂಡವಿಟ್ಟು, ಬೇವಿನೆಲೆ ಹಾಕಿ, ಗೋಡೆಯ ಕಿಂಡಿಗಳಿಗೆ ಹಳೆ ಪತ್ರಿಕೆ ತುರುಕಿದ. ವರ್ಷವರ್ಷವೂ ಹಾಗೇ. ಸಿದ್ಧಾರ್ಥ ಬಾಗಿಲಲ್ಲಿ ನಿಂತು ನೋಡುತ್ತಿದ್ದ.

"ಹುಳ ಸಾಯುತ್ತಾ ಇದಕ್ಕೆ?"

"ಹುಳ ಏನು ಬಂತು," ಎಂದ ಸಣ್ಣಸ್ವಾಮಿ. ತನ್ನ ಕೆಲಸದ ಬಗ್ಗೆ ಯಾರಾದರೂ ಕೇಳಿದರೆ ಅವನಿಗೆ ಉಬ್ಬು. "ಒಂದ್ಸಲ ಒಳಗೆ ಬೆಕ್ಕು ಸೇರ್ಕೊಂಡಿತ್ತು. ಬೆಳಗ್ಗೆ ನೋಡಿದ್ರೆ ಮಲಗಿದ ಹಾಗೇ ಇದೆ, ಏಳ್ಲಿಲ್ಲ. ಕೆಂಡದ ಕೋಣೆ ಮುಚ್ಚಿದ್ರೆ ಮನುಷ್ಯನಾದ್ರೂ ಅಷ್ಟೇ. ಕೆಮ್ಮೂ ಬರಲ್ಲ, ಗೊತ್ತೂ ಆಗಲ್ಲ."

"ಚಳಿಗೆ ಅಂತ ರೂಮಿಗೂ ಕೆಂಡ ಕೊಡ್ತೀರಲ್ಲ?"

"ಅಲ್ಲಿ ಪಡಸಾಲೆ ಕಡೆ ಕಿಂಡಿ ಇದೆ, ಯಾವಾಗ್ಲೂ ತೆರೆದೇ ಇರುತ್ತೆ. ಇಪ್ಪತ್ತು ವರ್ಷದಲ್ಲಿ ಒಬ್ಬರಿಗೂ ತಲೆನೋವು ಅಂತ ಬಂದಿಲ್ಲ."

ಎಂಟು ಗಂಟೆಗೆ ಜಯಪ್ರಕಾಶ್ ಕೆಂಡ ಕೇಳಿದರು. ಸಣ್ಣಸ್ವಾಮಿ ಇಟ್ಟು ಬಂದ.

ಶುಕ್ರವಾರ ಏಳೂವರೆಯಾದರೂ ಎರಡನೇ ರೂಮಿನ ಬಾಗಿಲು ತೆರೆಯಲಿಲ್ಲ. ಅಶೋಕ್ ಭುಜ ಕೊಟ್ಟು ಚಿಲಕ ಮುರಿದ. ಒಳಗೆ ಕಿಟಕಿ ಭದ್ರವಾಗಿ ಮುಚ್ಚಿತ್ತು, ಗಾಳಿ ಬಾರದಿರಲೆಂದು ಬಾಗಿಲ ಸಂದಿಗೆ ಅವರೇ ಕಂಬಳಿ ಒತ್ತಿಕೊಂಡಿದ್ದರು. ಜಯಪ್ರಕಾಶ್ ಗೋಡೆಗೆ ಮುಖ ಮಾಡಿ ಮಲಗಿದ್ದರು. ಕೆನ್ನೆ ಕೆಂಪಗಿತ್ತು, ಮೈ ಕಲ್ಲಾಗಿತ್ತು. ಸಣ್ಣಸ್ವಾಮಿ ಕತ್ತೆತ್ತಿ ಕಿಂಡಿ ನೋಡಿದ. ಪಡಸಾಲೆ ಕಡೆಯಿಂದ ಅದಕ್ಕೆ ಪತ್ರಿಕೆಯೊಂದನ್ನು ಸುರುಳಿ ಸುತ್ತಿ ತುರುಕಿದ್ದರು.

ಕುಶಾಲನಗರದಿಂದ ಬಂದ ಸಬ್ ಇನ್ಸ್‌ಪೆಕ್ಟರ್ ಮಹೇಶ್ ಹೆಚ್ಚು ಹೊತ್ತು ತೆಗೆದುಕೊಳ್ಳಲಿಲ್ಲ.

"ಕೆಂಡ ಇಟ್ಟೋರು ನೀವು. ಕಿಂಡಿಗೆ ಪೇಪರ್ ತುರುಕೋ ಅಭ್ಯಾಸ ನಿಮ್ಮದು. ನಿನ್ನೆ ಪುಸ್ತಕದ ಕೋಣೆಗೆ ತುರುಕಿದೋರು ಮರೆತು ಇಲ್ಲೂ ತುರುಕಿದ್ದೀರಿ. ಬೇಕು ಅಂತ ಮಾಡಿದ್ದಲ್ಲ, ಒಪ್ತೀನಿ. ಆದ್ರೂ ಒಂದು ಜೀವ ಹೋಗಿದೆ. ಸಂಜೆ ಸ್ಟೇಷನ್ನಿಗೆ ಬರ್ಬೇಕು."

ಸಣ್ಣಸ್ವಾಮಿ ತನ್ನ ಕೈಗಳನ್ನೇ ನೋಡಿಕೊಂಡ. ಇಲ್ಲ ಎಂದು ಹೇಳಲು ಹೋದರೆ ಕೈಗಳೇ ಅಡ್ಡ ಬರುತ್ತಿದ್ದವು. ನಿನ್ನೆ ಎಷ್ಟು ಕಿಂಡಿಗೆ ತುರುಕಿದೆ, ಎರಡೋ ಮೂರೋ? ಇಪ್ಪತ್ತು ವರ್ಷ ಮಾಡಿದ ಕೆಲಸವನ್ನು ಕೈ ಮಾಡುತ್ತದೆ, ತಲೆ ನೋಡುವುದಿಲ್ಲ. ನೇರ ಆರನೇ ರೂಮಿಗೆ ಹೋಗಿ ನೆಲದಲ್ಲಿ ಕೂತ.

"ಅಮ್ಮ, ನಾನೇ ಕೊಂದುಬಿಟ್ಟೆನೋ ಏನೋ," ಎಂದ. ನಿನ್ನೆ ಕಣದಲ್ಲಿ ಜಯಪ್ರಕಾಶ್ ಆಡಿದ ಮಾತನ್ನೂ ಹೇಳಿದ.

ತಂಗಮ್ಮ ಕನ್ನಡಕ ಒರೆಸಿ ಹಾಕಿಕೊಂಡರು. "ಏನೋ ಅಂತ ಜೈಲಿಗೆ ಹೋಗೋದಕ್ಕಾಗಲ್ಲ. ಏಳಿ. ಆ ಪತ್ರಿಕೆ ನೋಡೋಣ."

ಪತ್ರಿಕೆಯ ರಕ್ಷಾಪುಟ ಹರಿದುಹೋಗಿತ್ತು. ತಂಗಮ್ಮ ಅದರ ಬೆನ್ನಿನ ಮೇಲೆ ಬೆರಳಾಡಿಸಿ ಮಹೇಶರಿಗೆ ವಾಪಸು ಕೊಟ್ಟರು. ಪಡಸಾಲೆಗೆ ಹೋಗಿ ಕಿಂಡಿಯ ಎತ್ತರ ನೋಡಿದರು. ಅದರ ಕೆಳಗೇ ಸಂಪುಟಗಳ ರಾಶಿ ಇತ್ತು, ಚಪ್ಪಡಿ ಮಾತ್ರ ಪಕ್ಕದ ನೆಲದಲ್ಲಿತ್ತು. ಮೇಲಿನ ಸಂಪುಟದ ರಟ್ಟು ಒಂದು ಮೂಲೆಯಲ್ಲಿ ತಗ್ಗಾಗಿ, ಬೆನ್ನಿನ ಬಟ್ಟೆ ಜಾರಿ, ಒಳಗಿನ ಅಂಟು ಹೊರಗೆ ಒಸರಿ ಒಣಗಿತ್ತು.

"ಕಲ್ಲು ನೀವು ಇಳಿಸಿದ್ರಾ?"

"ಇಲ್ಲಮ್ಮ. ಈಗಷ್ಟೇ ನೋಡ್ತಿದ್ದೀನಿ."

ತಂಗಮ್ಮ ಮುಂದಿನ ಜಗಲಿಗೆ ಬಂದು ಕೂತರು. ಮೆಟ್ಟಿಲ ಬಳಿ ಎಲ್ಲರ ಚಪ್ಪಲಿ, ಬೂಟು. ಸಿದ್ಧಾರ್ಥನ ಕ್ಯಾನ್ವಾಸ್ ಬೂಟಿನ ಅಂಚಿಗೆ ಹಸಿರುಗೂಡಿದ ನೀಲಿ ಕಲೆ ಇದ್ದದ್ದನ್ನು ಸಣ್ಣಸ್ವಾಮಿಯೂ ಕಂಡ. ತೋಟದವರ ಬೂಟಲ್ಲಿ ಔಷಧಿ ಹೊಡೆದ ಕಲೆ ಇಲ್ಲದೆ ಇರುತ್ತದೆಯೇ ಎಂದುಕೊಂಡ.

"ಮಹೇಶ್, ಮೂರು ಗಂಟೆಗೆ ಎಲ್ಲರನ್ನೂ ಇಲ್ಲಿ ಕೂರಿಸಿ," ಎಂದರು ತಂಗಮ್ಮ. "ಆಮೇಲೂ ಸಣ್ಣಸ್ವಾಮಿನೇ ಬೇಕು ಅಂದ್ರೆ ನಾನೇ ಜೀಪು ಹತ್ತಿಸ್ತೀನಿ."

ಮೂರಕ್ಕೆ ಜಗಲಿಯ ಪುಸ್ತಕದ ಬೀರುವಿನ ಮುಂದೆ ಎಲ್ಲರೂ ಸೇರಿದರು. ಕಾಮಾಕ್ಷಮ್ಮ ಮಂಡಿನೋವಿಗೆ ಕಾಲು ಚಾಚಿ ಕೂತಿದ್ದರು. ಅಶೋಕ್ ಗಡಿಯಾರ ನೋಡುತ್ತಿದ್ದ. ಸಿದ್ಧಾರ್ಥನ ಕಣ್ಣು ಅತ್ತು ಊದಿತ್ತು. ಸಣ್ಣಸ್ವಾಮಿ ಕಂಬಕ್ಕೆ ಒರಗಿ ನಿಂತಿದ್ದ.

"ಕಿಂಡಿಯಲ್ಲಿದ್ದ ಪತ್ರಿಕೆಗೆ ಪಿನ್ನಿತ್ತು," ಎಂದು ತಂಗಮ್ಮ ಶುರುಮಾಡಿದರು. "ಹೊಳೆಯುವ ಪಿನ್ನು. ಸಣ್ಣಸ್ವಾಮಿ ತುರುಕೋದು ಹಳೆ ಪತ್ರಿಕೆ, ಅದರಲ್ಲಿ ಪಿನ್ನಿರಲ್ಲ. ಪುಸ್ತಕದ ಕೋಣೆಯದನ್ನ ಈಗಲೇ ಬಿಚ್ಚಿ ನೋಡಿ. ಇದು ನಿನ್ನೆ ಬಸ್ಸಲ್ಲಿ ಬಂದ ಸಂಚಿಕೆ, ಊಟದ ಹೊತ್ತಿಗೆ ಈ ಮೇಜಿನ ಮೇಲಿತ್ತು. ಈಗ ಇಲ್ಲ. ಹೊಸದು ಅಂತ ತಿಳೀಬಾರದು ಅಂತ ರಕ್ಷಾಪುಟ ಹರಿದಿದ್ದಾರೆ. ಮರೆವಿನಿಂದ ತುರುಕಿದೋನು ಮುಖಪುಟ ಹರಿಯೋ ತೊಂದರೆ ತಗೊಳ್ಳಲ್ಲ."

ಮಹೇಶ್ ಒಬ್ಬ ಪೇದೆಯನ್ನು ಕಳಿಸಿದರು. ಅವನು ತಂದ ಮುದ್ದೆಗಳಲ್ಲಿ ಒಂದರಲ್ಲೂ ಪಿನ್ನಿರಲಿಲ್ಲ.

"ಎರಡನೇದು. ಕಿಂಡಿ ಎತ್ತರದಲ್ಲಿದೆ. ಯಾರೋ ಚಪ್ಪಡಿ ಇಳಿಸಿ, ಪುಸ್ತಕದ ಮೇಲೆ ಹತ್ತಿದ್ದಾರೆ. ಸಣ್ಣಸ್ವಾಮಿ ಪುಸ್ತಕಕ್ಕೆ ಕಾಲು ತಾಗಿದ್ರೆ ಕಣ್ಣಿಗೊತ್ತಿಕೊಳ್ಳೋ ಮನುಷ್ಯ, ಅಡುಗೆಮನೆ ಹಿಂದಿರೋ ಏಣಿ ತರ್ತಾರೆ ಹೊರತು ಹತ್ತಲ್ಲ. ಏಣಿ ಎಲ್ಲಿದೆ ಅಂತ ಗೊತ್ತಿಲ್ಲದೋರು ಹತ್ತಿದ್ದು. ಅಶೋಕ್ ನೆಲದಲ್ಲಿ ನಿಂತೇ ಎಟಕಿಸ್ತಾರೆ. ಕಾಮಾಕ್ಷಮ್ಮ ಒಂದು ಮೆಟ್ಟಿಲೂ ಹತ್ತಲ್ಲ."

"ಹಾಗಾದ್ರೆ ನೀವೂ ಕುಳ್ಳಿನೇ ಅಲ್ವಾ ಅಮ್ಮ," ಎಂದ ಅಶೋಕ್.

"ಹೌದು. ಅದಕ್ಕೇ ನನ್ನ ಚಪ್ಪಲಿಯನ್ನೂ ಇಟ್ಟಿದ್ದೀನಿ."

ಮೇಜಿನ ಮೇಲೆ ಅವರ ಚಪ್ಪಲಿ, ಅಶೋಕನ ಬೂಟು, ಸಿದ್ಧಾರ್ಥನ ಬೂಟು ಸಾಲಾಗಿದ್ದವು. ನೀಲಿ ಕಲೆ ಒಂದರಲ್ಲೇ ಇತ್ತು.

"ಅದು ಬೋರ್ಡೋ ಕಲೆ ಮೇಡಂ," ಎಂದ ಸಿದ್ಧಾರ್ಥ, ಮೆಲ್ಲಗೆ. "ತೋಟದಲ್ಲಿ ಮೈಲುತುತ್ತ, ಸುಣ್ಣ ಕಲಸಿ ಹೊಡೀತೀವಲ್ಲ."

"ಬೋರ್ಡೋ ಹೊಡೆಯೋದು ಮಳೆಗೆ ಮುಂಚೆ, ಮಳೆ ನಡುವೆ. ಈಗ ಕಾಫಿ ಕುಯ್ಯೋ ಕಾಲ. ಇರ್ಲಿ, ಹಳೇ ಕಲೆ ಅಂತಲೇ ಇಟ್ಕೊಳ್ಳೋಣ." ತಂಗಮ್ಮ ಪ್ರಥಮ ಚಿಕಿತ್ಸೆಯ ಡಬ್ಬಿಯಿಂದ ಟಿಂಚರ್ ಅಯೋಡಿನ್ ಸೀಸೆ ತೆಗೆದರು. "ಶಾಲೆಯಲ್ಲಿ ಆಲೂಗಡ್ಡೆಗೆ ಇದನ್ನ ಹಾಕಿ ತೋರಿಸ್ತಿದ್ರು, ನೆನಪಿದೆಯಾ ಮಹೇಶ್? ಹಿಟ್ಟಿದ್ರೆ ಕಪ್ಪಾಗುತ್ತೆ. ಬೋರ್ಡೋದಲ್ಲಿ ಹಿಟ್ಟಿರಲ್ಲ. ರಟ್ಟಿನ ಅಂಟಲ್ಲಿ ಮೈದಾ ಇದೆ."

ಮೊದಲು ವಸತಿಗೃಹದ ಕಾಫಿ ಗಿಡಕ್ಕೆ ಬೋರ್ಡೋ ಹೊಡೆಯುವ ಟ್ಯಾಂಕಿಗೆ ಹತ್ತಿದ್ದ ಹಳೆಯ ನೀಲಿ ಕಲೆಗೆ ಒಂದು ಹನಿ ಬಿಟ್ಟರು. ಅದು ಕಂದಾಗಿಯೇ ಉಳಿಯಿತು. ಆಮೇಲೆ ತುಳಿದ ಸಂಪುಟದ ಬೆನ್ನಿಗೆ. ಮಸಿಯಂತೆ ಕಪ್ಪಾಯಿತು. ಕೊನೆಗೆ ಬೂಟಿನ ಅಂಚಿಗೆ ಬಿಟ್ಟರು. ಎಲ್ಲರೂ ಬಗ್ಗಿದರು. ಅದೂ ಹಾಗೆಯೇ ಕಪ್ಪಾಯಿತು.

ಸಿದ್ಧಾರ್ಥ ಕೈಗಳನ್ನು ತೊಡೆಯ ನಡುವೆ ಸಿಕ್ಕಿಸಿಕೊಂಡ.

"ಗೋಡೆ ರಿಪೇರಿ ಆಯ್ತು ಅಂತ ರುಜು ಹಾಕಿದ್ದು ನೀನಾ?" ಎಂದು ತಂಗಮ್ಮ ಕೇಳಿದರು.

"ಎಸ್ಟೇಟ್ ಸಾಹೇಬರು ಹಾಕು ಅಂದ್ರು, ಹಾಕಿದೆ. ಮಾವನ ಕಾಲು ಹಿಡ್ಕೊಂಡೆ. ಒಂದು ತಿಂಗಳಿಂದ ಹಿಡ್ಕೊಂಡೇ ಇದ್ದೆ. ನನ್ನ ಹೆಸರು ಹೇಳೇ ಹೇಳ್ತೀನಿ ಅಂದ್ರು."

"ಕೆಂಡದ ವಿಷಯ ನಿನಗೆ ಹೇಗೆ ಹೊಳೀತು?" ಇದನ್ನು ಕೇಳಿದ್ದು ಮಹೇಶ್.

ತಂಗಮ್ಮ ಕಂಬಕ್ಕೆ ಒರಗಿದ್ದ ಸಣ್ಣಸ್ವಾಮಿಯ ಕಡೆ ನೋಡಿದರು. ಆದರೆ ಲೆಕ್ಕ ಒಪ್ಪಿಸುವಾಗ ಒಂದು ಹೆಜ್ಜೆ ಹಾರಿಸಿ ಅಭ್ಯಾಸವಿಲ್ಲದವರು. "ಸಣ್ಣಸ್ವಾಮಿ ಹೇಳಿದ್ರು. ಬೆಕ್ಕಿನ ಕತೆ ಅವರು ಎಲ್ಲರಿಗೂ ಹೇಳ್ತಾರೆ, ನನಗೂ ಹೇಳಿದ್ದಾರೆ. ಹೇಳಿದ್ದು ತಪ್ಪಲ್ಲ. ಕೇಳಿಸ್ಕೊಂಡಿದ್ದು ಯಾರು ಅನ್ನೋದಷ್ಟೇ."

ಸಿದ್ಧಾರ್ಥನನ್ನು ಹತ್ತಿಸಿಕೊಂಡು ಜೀಪು ಹೋದ ಮೇಲೆ ಕಾಮಾಕ್ಷಮ್ಮ, "ಗಂಡಾಂತರ ಕಳೀತು ಬಿಡು, ಊಟ ಮಾಡು," ಎಂದರು. ಸಣ್ಣಸ್ವಾಮಿ ತಟ್ಟೆಯ ಮುಂದೆ ಕೂತು ಎದ್ದ.

ಶನಿವಾರ ಅವನು ಯಾರಿಗೂ ಹೇಳದೆ ಮೊದಲ ಬಸ್ಸಿಗೆ ಸೋಮವಾರಪೇಟೆಗೆ ಹೋದ. ಕೋರ್ಟಿನ ಅಂಗಳದಲ್ಲಿ ಬೆಳ್ಳಿಯನ್ನು ಹುಡುಕುವುದು ಕಷ್ಟವಾಗಲಿಲ್ಲ. ವಕೀಲರ ಗುಮಾಸ್ತ ಬೆರಳು ತೋರಿಸಿದ. ತೋಟದ ಕೆಲಸಕ್ಕೆ ಹಾಕುವ ಗಂಡಸಿನ ಅಂಗಿಯನ್ನು ಸೀರೆಯ ಮೇಲೆ ಹಾಕಿಕೊಂಡೇ ಬಂದಿದ್ದಳು. ರೈಟರ್ ಸತ್ತ ಸುದ್ದಿ ಅವಳಿಗೆ ಆಗಲೇ ಮುಟ್ಟಿತ್ತು. ಜಯಪ್ರಕಾಶ್ ತನ್ನೊಡನೆ ಆಡಿದ ಮಾತು ಹೇಳಲು ಬಂದಿದ್ದೇನೆ ಎಂದು ಸಣ್ಣಸ್ವಾಮಿ ಅವಳ ವಕೀಲರಿಗೆ ಹೇಳಿದ.

"ಸತ್ತೋರು ಹೇಳಿದ್ರು ಅಂತ ನೀವು ಹೇಳಿದ್ರೆ ನಡೆಯಲ್ಲ ಯಜಮಾನ್ರೇ," ಎಂದರು ವಕೀಲರು. "ಆ ಹುಡುಗ ರುಜು ಬಗ್ಗೆ ಹೇಳಿದ್ದನ್ನ ಇವತ್ತು ಬೆಳಗ್ಗೆ ಇಲ್ಲ ಅಂದುಬಿಟ್ಟಿದ್ದಾನಂತೆ. ಎಸ್ಟೇಟಿನೋರೇ ಲಾಯರ್ ಇಟ್ಟಿದ್ದಾರೆ." ಹನ್ನೊಂದೂಕಾಲಿಗೆ ಕೇಸು ಮುಂದಕ್ಕೆ ಹೋಯಿತು.

ಬೆಳ್ಳಿ ಮರದ ಕೆಳಗೆ ಕೂತಳು. "ಕೋರ್ಟಿಗೆ ಬೇಡದಿದ್ರೆ ನಂಗೆ ಹೇಳಿ. ಏನಂದ್ರು ರೈಟರ್?"

ಅವನು ಹೇಳಿದ. ಇಟ್ಟಿಗೆ ಮುಟ್ಟಿರಲಿಲ್ಲ ಎಂದದ್ದು, ಋಣ ಎಂದದ್ದು, ಬಾಯಿ ಬರದಿದ್ದರೂ ಹೇಳುತ್ತೇನೆಂದದ್ದು. ಅವಳು ನೆಲ ನೋಡುತ್ತ ಕೇಳಿದಳು. "ಕುಡಿದಿರ್ಲಿಲ್ಲ ನಮ್ಮೋನು," ಎಂದಳು. "ಅವತ್ತು ಜ್ವರ ಅವನಿಗೆ."

ಅಷ್ಟಕ್ಕೆ ನಿಲ್ಲಿಸಬಹುದಿತ್ತು. ಸಣ್ಣಸ್ವಾಮಿ ನಿಲ್ಲಿಸಲಿಲ್ಲ.

"ಕೆಂಡದಲ್ಲಿ ಮನುಷ್ಯ ಸಾಯ್ತಾನೆ ಅಂತ ಆ ಹುಡುಗನಿಗೆ ಹೇಳಿಕೊಟ್ಟೋನು ನಾನಮ್ಮ. ಕೇಳ್ದ ಅಂತ ಹೆಚ್ಚುಗಾರಿಕೆಗೆ ಹೇಳಿದೆ."

ಬೆಳ್ಳಿ ತಲೆಯೆತ್ತಿ ಅವನ ಮುಖವನ್ನು ತುಂಬ ಹೊತ್ತು ನೋಡಿದಳು. ಬೈಯಲಿಲ್ಲ, ಬಿಡು ಎಂದೂ ಹೇಳಲಿಲ್ಲ. ಎದ್ದು, ಅಂಗಿಯ ಗುಂಡಿ ಹಾಕಿಕೊಂಡು, ಬಸ್ ನಿಲ್ದಾಣದ ಕಡೆಗೆ ನಡೆದಳು. ಅವನೂ ಅದೇ ಬಸ್ಸಿಗೆ ಹೋಗಬೇಕಿತ್ತು. ಅದು ಹೊರಟುಹೋಗುವವರೆಗೂ ಮರದ ಕೆಳಗೇ ನಿಂತಿದ್ದ.