ನಡುಗಡ್ಡೆಯ ಚಂದ್ರಿ

ಮಧ್ಯಾಹ್ನದೊಳಗೆ ಚಂದ್ರಿಯನ್ನು ದಡಕ್ಕೆ ತರಬೇಕಿತ್ತು. ತಪ್ಪಿದರೆ ಆ ಎಮ್ಮೆಯೂ ಇಲ್ಲ, ಅದರ ತುಂಬಿದ ಹೊಟ್ಟೆಯಲ್ಲಿದ್ದ ಕರುವೂ ಇಲ್ಲ.

ರಾತ್ರಿಯ ಮಳೆಗೆ ಮಂಠಾಳ ಊರಿನಾಚೆಯ ಹಳ್ಳ ಉಕ್ಕಿತ್ತು. ಹಳ್ಳದ ನಡುಗಡ್ಡೆಗೆ ಮೇಯಲು ಹೋಗಿದ್ದ ಉಳಿದ ಎಮ್ಮೆಗಳು ಸಂಜೆಯೇ ದಾಟಿ ಮನೆ ಸೇರಿದ್ದವು. ದಿನ ತುಂಬಿದ ಚಂದ್ರಿ ಮಾತ್ರ ನಡುಗಡ್ಡೆಯಲ್ಲೇ ಉಳಿದಿತ್ತು. ಮೇಲಿನ ಊರಿನಿಂದ ಫೋನ್ ಬಂದಿತ್ತು: ಇನ್ನೂ ನೀರು ಬರುತ್ತಿದೆ, ಎರಡು ತಾಸಿನಲ್ಲಿ ನಡುಗಡ್ಡೆ ಮುಳುಗುತ್ತದೆ.

ಹೊರಟವರು ಮೂವರು. ಎಮ್ಮೆಯ ಒಡೆಯ ತುಳಜಾರಾಮನಿಗೆ ಅರವತ್ತೈದು ವರ್ಷ. ಹೆಂಡತಿ ಅಂಬುಬಾಯಿ ತೀರಿಕೊಂಡು ಮೂರು ತಿಂಗಳಾಗಿತ್ತು. ಎಮ್ಮೆಗಳ ಮೇವು, ನೀರು, ಮೈ ತೊಳೆಯುವುದು ಎಲ್ಲ ಅವಳದೇ. ಅವನದು ಹಾಲು ಮಾರುವುದಷ್ಟೇ. ಘಾಟಬೋರಾಳದ ಸುಮೇಧಾ ವಿಶ್ವವಿದ್ಯಾಲಯದಲ್ಲಿ ಮನುಷ್ಯರಿಗೂ ಪ್ರಾಣಿಗಳಿಗೂ ಇರುವ ನಂಟನ್ನು ಅಭ್ಯಾಸ ಮಾಡುತ್ತಿದ್ದಳು. ಕಳೆದ ವರ್ಷ ಅಂಬುಬಾಯಿಯ ಹಿಂದೆ ತಿರುಗಿ, ಅವಳು ಎಮ್ಮೆಗಳೊಡನೆ ಆಡಿದ ಮಾತನ್ನೆಲ್ಲ ರೆಕಾರ್ಡರಿನಲ್ಲಿ ಮುದ್ರಿಸಿಕೊಂಡಿದ್ದಳು. ಮೂರನೆಯವನು ಮೀನು ಹಿಡಿಯುವ ಗುರುಶಾಂತ. ಬೆಳಿಗ್ಗೆ ಒಬ್ಬನೇ ಹಗ್ಗ ಹಿಡಿದು ಹೋಗಿದ್ದ ಅವನನ್ನು ಚಂದ್ರಿ ಕೊಂಬಿನಿಂದ ಓಡಿಸಿತ್ತು. ಅಂಬುಬಾಯಿಯನ್ನು ಬಿಟ್ಟು ಯಾರನ್ನೂ ಅದು ಹತ್ತಿರ ಬಿಟ್ಟುಕೊಂಡದ್ದೇ ಇಲ್ಲ.

"ಕಾಕಿ ದನಿ ಕೇಳಿದ್ರ ಅದು ಬಂದೇ ಬರ್ತದ್ರಿ ಕಾಕಾ. ಆದ್ರ ಈ ನೀರಿನ ಗದ್ದಲದಾಗ ದಡದಿಂದ ಕೇಳಸಂಗಿಲ್ಲ. ಅಲ್ಲಿಗೇ ಹೋಗಬೇಕು," ಎಂದಳು ಸುಮೇಧಾ.

ತುಳಜಾರಾಮ ಧೋತರದ ಕಚ್ಚೆ ಬಿಗಿದ. ಅವನಿಗೆ ನೀರಿಗಿಂತ ಆ ದನಿಯ ಭಯವೇ ಹೆಚ್ಚಾಗಿತ್ತು.

ನೀರಿನ ಸೆಳೆತದಲ್ಲೇ ನಡುಗಡ್ಡೆಗೆ ತೇಲಿಬರಲೆಂದು ಕೆಂಪು ಮೊರಮು ಮಣ್ಣಿನ ದಿಬ್ಬದ ಮೇಲೆ ಅರ್ಧ ಮೈಲಿ ಪ್ರವಾಹಕ್ಕೆದುರಾಗಿ ನಡೆದರು. ಎಡಗಡೆ ತೊಗರಿಯ ಹೊಲಗಳು ನೀರಲ್ಲಿ ಕೊರಳವರೆಗೆ ನಿಂತಿದ್ದವು. ಬಲಗಡೆ ಹಳ್ಳ ಇಟ್ಟಿಗೆಯ ಬಣ್ಣ ತಾಳಿ, ಬೇಲಿಯ ಮುಳ್ಳು, ಕಡಲೆಹೊಟ್ಟು, ಯಾರದೋ ಮನೆಯ ಬಾಗಿಲು ಎಲ್ಲವನ್ನೂ ಹೊತ್ತುಕೊಂಡು ಓಡುತ್ತಿತ್ತು. ಮೋಡ ಎಷ್ಟು ಕೆಳಗಿಳಿದಿತ್ತೆಂದರೆ ಹಗಲು ಹತ್ತು ಗಂಟೆಗೇ ದೀಪ ಹಚ್ಚುವ ಹೊತ್ತಿನಂತೆ ಕಾಣುತ್ತಿತ್ತು.

ಗುರುಶಾಂತ ಮೂರು ಟ್ರ್ಯಾಕ್ಟರ್ ಟ್ಯೂಬುಗಳನ್ನು ಒಂದಕ್ಕೊಂದು ಕಟ್ಟಿದ. "ಕಾಲು ಮ್ಯಾಲ ಇಟ್ಗೊರಿ. ತಳದಾಗ ತಂತಿಬೇಲಿ ಅದ."

ಟ್ಯೂಬು ಹಿಡಿದು ಇಳಿದದ್ದೇ ತಡ, ನೀರು ಅವರನ್ನು ಕಿತ್ತುಕೊಂಡಿತು.

ಟ್ಯೂಬು ತಿರುಗಿತು. ಆಕಾಶ, ದಡ, ನೀರು ಒಂದಾದವು. ತುಳಜಾರಾಮನ ಬಾಯಿಗೆ ಮಣ್ಣು ತುಂಬಿತು. "ಶಿವಾ, ಶಿವಾ" ಎನ್ನುತ್ತಿದ್ದವನ ಕೈಗೆ ನಡುಗಡ್ಡೆಯ ಜಾಲಿಯ ಕೊಂಬೆ ಸಿಕ್ಕಿತು. ಮುಳ್ಳು ಅಂಗೈಗೆ ಇಳಿದರೂ ಬಿಡಲಿಲ್ಲ.

ನಡುಗಡ್ಡೆ ಅಂಗಳದಷ್ಟೇ ಉಳಿದಿತ್ತು.

"ಮ್ಯಾಲ ನೋಡಬ್ಯಾಡ್ರಿ ಮೇಡಂ," ಎಂದ ಗುರುಶಾಂತ.

"ಯಾಕ?"

"ಗಿಡದಾಗ ಮೂರು ಹಾವ ಅದಾವ. ಅವಕ್ಕೂ ಅಂಜಿಕಿ ಆಗ್ಯಾದ. ಸುಮ್ಮ ನಡೀರಿ."

ಚಂದ್ರಿ ಅವರನ್ನು ಕಂಡು ಕೊಂಬು ತಗ್ಗಿಸಿತು. ಸುಮೇಧಾ ಕೊರಳಿಗೆ ಕಟ್ಟಿದ್ದ, ನೀರು ಹೊಗದ ಡಬ್ಬಿಯಿಂದ ರೆಕಾರ್ಡರ್ ತೆಗೆದು ಒತ್ತಿದಳು.

"ನಡಿ ನನ್ನವ್ವಾ, ಹೊತ್ತಾತು... ಹೋ ಚಂದ್ರೀ..."

ಅಂಬುಬಾಯಿಯ ದನಿಗೆ ತುಳಜಾರಾಮ ಹಿಂತಿರುಗಿ ನೋಡಿದ. ಚಂದ್ರಿ ತಲೆಯೆತ್ತಿ ದೊಡ್ಡದಾಗಿ ಕೂಗಿತು. ಆದರೆ ಇವರ ಕಡೆ ಬರಲಿಲ್ಲ. ಕೆಳತುದಿಗೆ ತಿರುಗಿ ನಡೆಯತೊಡಗಿತು. ಅಲ್ಲಿ ದಿನವೂ ದಾಟುತ್ತಿದ್ದ ಹಾದಿಯಿತ್ತು. ಈಗ ಅಲ್ಲಿ ಸುಳಿ. ಅವರ ಕಣ್ಣೆದುರಿಗೇ ಒಂದು ಇಡೀ ಮರ ಎರಡು ಸುತ್ತು ತಿರುಗಿ ಮುಳುಗಿತು.

"ಬಂದ್ ಮಾಡ್ರಿ ಮೇಡಂ!" ಗುರುಶಾಂತ ಚೀರಿದ.

ದನಿ ನಿಂತಿತು. ಎಮ್ಮೆ ನಿಲ್ಲಲಿಲ್ಲ.

ಸುಮೇಧಾ ತುಳಜಾರಾಮನ ಕಡೆ ತಿರುಗಿದಳು. "ತಪ್ಪಾತ್ರಿ ಕಾಕಾ. ದನಿಗೆ ಬರ್ತದಂತ ಬರಕೊಂಡಿದ್ದೆ. ಇದು ಸಂಜೀ ಕೂಗು. ಕೇಳಿದ್ರ ಮನೀ ಹಾದಿ ಹಿಡೀತದ."

ಚಂದ್ರಿಯ ಮುಂಗಾಲುಗಳು ನೀರಿಗಿಳಿದವು.

"ಮೈ ತೊಳೀತಿದ್ಲಲ್ಲ," ತುಳಜಾರಾಮ ತಟ್ಟನೆ ಕೇಳಿದ, "ಎಲ್ಲಿ ತೊಳೀತಿದ್ಲು?" ನಲವತ್ತು ವರ್ಷ ಸಂಸಾರ ಮಾಡಿದವನಿಗೆ ಅದು ಗೊತ್ತಿರಲಿಲ್ಲ.

"ಮ್ಯಾಲಿನ ತುದೀಗೆ! ಹಾಸುಗಲ್ಲಿನ ಮ್ಯಾಲ!"

ಸುಮೇಧಾ ಅತ್ತ ಓಡಿದಳು. ಓಡುತ್ತಲೇ ಮೈ ತೊಳೆಯುವಾಗಿನ ದನಿ ಹುಡುಕಿದಳು. ಒಂದು ಕೂಗು ಬಂತು, ಅದಲ್ಲ. ಇನ್ನೊಂದು, ಅದೂ ಅಲ್ಲ. ನೀರು ಚಂದ್ರಿಯ ಎದೆಗೆ ಬಂದಿತ್ತು.

"ಬಾ, ಬಾ! ಎಷ್ಟ ರಾಡಿ ಮೆತ್ತಿಕೊಂಡೀದಿ ನನ ಬಂಗಾರ..."

ಚಂದ್ರಿ ನಿಂತಿತು. ಕಿವಿ ತಿರುಗಿಸಿತು. ಏದುಸಿರು ಬಿಡುತ್ತ ಹಿಂದಕ್ಕೆ ಹತ್ತಿತು. ತುಳಜಾರಾಮನ ಅಂಗಿಗೆ ಕೊಂಬು ತಾಕುವಷ್ಟು ಹತ್ತಿರದಿಂದ ಹಾದು, ಮೇಲ್ತುದಿಯ ಹಾಸುಗಲ್ಲಿನ ಮೇಲೆ ಹೊಟ್ಟೆಮಟ್ಟದ ನೀರಲ್ಲಿ ನಿಂತು ಕಾಯತೊಡಗಿತು.

ಗುರುಶಾಂತ ಹಗ್ಗವನ್ನು ಮುದುಕನ ಕೈಗೆ ತುರುಕಿದ. "ನಾ ಹೋಗಂಗಿಲ್ರಿ. ಮುಂಜಾನಿ ಆ ಕೊಂಬ ನೋಡೀನಿ."

ತುಳಜಾರಾಮ ಒಂದು ಹಿಡಿ ಹುಲ್ಲು ಕಿತ್ತು ನೀರಿಗಿಳಿದ. ಬೆನ್ನಿನ ಮೇಲೆ ಕೈಯಿಟ್ಟ. ಚರ್ಮ ಅದುರಿತು. ಕೊಂಬು ಅವನ ಪಕ್ಕೆಲುಬಿನ ಹತ್ತಿರ ಬಂದು ನಿಂತಿತು. ಅವನು ಕಣ್ಣು ಮುಚ್ಚಿ ತಿಕ್ಕತೊಡಗಿದ.

"ನಿನ್ನ ಮಾಲಕರು ಒಂದಿನರೆ ನಿನ್ನ ಮೈ ತಿಕ್ಕ್ಯಾರೇನ?" ಎಂದಳು ಅಂಬುಬಾಯಿ ರೆಕಾರ್ಡರಿನಿಂದ. "ಎಲ್ಲಿ! ಕ್ಯಾನ್ ಹಿಡಿಯೋ ಕೈ ಅವು. ಸವದು ಹೋಗ್ತಾವ!"

ಅಷ್ಟು ಭಯದಲ್ಲೂ ಗುರುಶಾಂತನಿಗೆ ನಗು ತಡೆಯಲಾಗಲಿಲ್ಲ.

"ತಿಕ್ಕಾಕತ್ತೇನಿ, ನೋಡು," ಎಂದು ತುಳಜಾರಾಮ ಗೊಣಗಿದ. ಅಂಗೈಯ ರಕ್ತ ಎಮ್ಮೆಯ ಕರಿಮೈ ಮೇಲೆ ಹರಿಯುತ್ತಿತ್ತು. ನಿಧಾನವಾಗಿ ಕೊಂಬು ಪಕ್ಕಕ್ಕೆ ಸರಿಯಿತು. ಅವನು ಹಗ್ಗ ತೊಡಿಸಿದ.

ಮೇಲ್ತುದಿಯಿಂದ ಇಳಿದರೆ ಸುಳಿಗೆ ಸಿಗುವ ಮೊದಲೇ ದಡ ಮುಟ್ಟಬಹುದಿತ್ತು. ಗುರುಶಾಂತ ಮತ್ತು ಸುಮೇಧಾ ಟ್ಯೂಬಿನಲ್ಲಿ ಹಗ್ಗ ಹಿಡಿದರು. ತುಳಜಾರಾಮ ಬಾಲ ಹಿಡಿದ.

ಚಂದ್ರಿ ಧುಮುಕಿತು. ನೀರು ತುಳಜಾರಾಮನ ತಲೆಯ ಮೇಲೆ ಮುಚ್ಚಿಕೊಂಡಿತು. ಕತ್ತಲೆ. ಕಾಲಿಗೆ ತಂತಿ ಸಿಕ್ಕಿತು. ಈಗ ಅವಳಿದ್ದಲ್ಲಿಗೇ ಹೋದೆ ಎಂದುಕೊಂಡ. ಅದೇ ಗಳಿಗೆಯಲ್ಲಿ ಬಾಲ ಬಲವಾಗಿ ಎಳೆಯಿತು. ಧೋತರ ಹರಿದು ತಂತಿಯಲ್ಲೇ ಉಳಿಯಿತು. ಮೂಗಿಗೆ ಗಾಳಿ ಸಿಕ್ಕಿತು.

ಸುಳಿಗೆ ಹತ್ತು ಮಾರು ಮೇಲೆ ಎಮ್ಮೆಯ ಗೊರಸು ನೆಲ ಕಂಡಿತು.

ದಡದಲ್ಲಿ ಮೂವರೂ ಬಹಳ ಹೊತ್ತು ಬಿದ್ದುಕೊಂಡಿದ್ದರು. ಚಂದ್ರಿಯ ಹೊಟ್ಟೆಯ ಮೇಲೆ ಸುಮೇಧಾ ಅಂಗೈಯಿಟ್ಟು ಕಾದಳು. ಆಮೇಲೆ ನಕ್ಕಳು. "ಒದೀತ್ರಿ ಕಾಕಾ."

ತುಳಜಾರಾಮ ಕೈ ಮುಗಿದ. ಏನು ಬೇಡಬೇಕೆಂದು ತೋಚಲಿಲ್ಲ, ಸುಮ್ಮನೆ ಮುಗಿದ. ಗುರುಶಾಂತ ಕೊಟ್ಟ ಟವೆಲ್ ಸುತ್ತಿಕೊಂಡು ಎದ್ದ.

"ಆ ಡಬ್ಬಿ ಒಳಗ ನನಗ ಇನ್ನ ಏನೇನ್ ಬೈದಾಳವ್ವ?"

"ಇನ್ನ ಅರ್ಧಾ ತಾಸ ಅದ್ರಿ."

"ಅರ್ಧಾ ತಾಸು!" ಅವನ ಬಾಯಿ ನಗಲು ಹೋಗಿ ನಡುಗಿತು. "ಇವತ್ತ ಬ್ಯಾಡ. ನಾಳಿ ಇದರ ಮೈ ತೊಳಿಯೋ ಹೊತ್ತಿಗೆ ಬಾ. ಹ್ಯಾಂಗ ತಿಕ್ಕಬೇಕಂತ ಅಕಿನೇ ಹೇಳಲಿ."

ಚಂದ್ರಿ ಆಗಲೇ ಮಂಠಾಳದ ದಾರಿ ಹಿಡಿದಿತ್ತು.