ಮದ್ದಿಲ್ಲದೆ ಬಲಿತ ಕೋಶಗಳು

"ಮದ್ದು ಹಾಕದ ತಟ್ಟೆಯಲ್ಲೂ ಎಳೆಯ ಕೋಶಗಳು ಬಲಿತಿವೆ. ಯಾರೋ ಕದ್ದು ಹಾಕಿದ್ದಾರೆ," ಎಂದು ಡಾಕ್ಟರು ಎಲ್ಲರೆದುರು ನನ್ನನ್ನೇ ನೋಡಿದರು. ಮದ್ದಿನ ಬೀರುವಿನ ಕೀಲಿ ಇದ್ದದ್ದು ನನ್ನ ಹತ್ತಿರ. ಜೊತೆಗೆಲಸದ ಮೂವರು ‘ಅವಳು ಅಂಥವಳಲ್ಲ’ ಎಂದರೂ ಕೇಳದೆ, ಸಂಜೆಯೊಳಗೆ ನಿಜ ಹೇಳದಿದ್ದರೆ ನಾಳೆಯಿಂದ ಬರಬೇಡ ಎಂದುಬಿಟ್ಟರು.

ನಾವು ಬೆಳೆಸುತ್ತಿದ್ದದ್ದು ಕಾಯಿಲೆಯ ರಕ್ತಕೋಶಗಳನ್ನು. ಅವು ಎಳೆಯವಾಗಿಯೇ ಉಳಿದು ಸುಮ್ಮನೆ ಹೆಚ್ಚುತ್ತಾ ಹೋಗುತ್ತವೆ. ಮದ್ದು ತಾಗಿದರೆ ಬಲಿತು, ಹೆಚ್ಚುವುದನ್ನು ನಿಲ್ಲಿಸುತ್ತವೆ. ಮದ್ದಿಲ್ಲದ ತಟ್ಟೆ ಬರೀ ಹೋಲಿಕೆಗೆ.

ನಾನು ನೆಟ್ಟಗೆ ಹೋದದ್ದು ಗಾಜಿನ ಸಾಮಾನು ತೊಳೆಯುವ ದೊಡ್ಡಮ್ಮನ ಹತ್ತಿರ. ಲ್ಯಾಬಿನಲ್ಲಿ ಏನೇ ಕಾಣೆಯಾದರೂ ಪತ್ತೆಹಚ್ಚುತ್ತಿದ್ದವರು ಅವರೇ. ನಾನು ಅವರ ಬಾಲ.

"ಎಲ್ಲಾ ತಟ್ಟೇಲೂ ಹೀಗಾ?" ಎಂದರು, ನಡೆದದ್ದನ್ನು ಕೇಳಿ.

"ಇಲ್ಲ, ಸೋಮವಾರದವು ಮಾತ್ರ. ಅವತ್ತು ಫ್ರೀಜರಿನಿಂದ ಕೋಶ ತೆಗೆಯೋದು ಡಾಕ್ಟರು. ಗುರುವಾರ ನಾನು."

"ತಣ್ಣಗೆ ಇಡೋವಾಗ ಕೋಶ ಒಡೀದಿರಲಿ ಅಂತ ಏನೋ ದ್ರವ ಹಾಕ್ತೀರಲ್ಲ?"

"ಹೂಂ. ಆಮೇಲೆ ಚೂಪು ತಳದ ಕೊಳವೆಗೆ ಸುರಿದು, ಯಂತ್ರದಲ್ಲಿ ತಿರುಗಿಸಿ, ಕೋಶ ತಳಕ್ಕೆ ಕೂತ ಮೇಲೆ ಆ ದ್ರವ ಚೆಲ್ತೀವಿ."

ದೊಡ್ಡಮ್ಮ ಕೈ ಒರೆಸಿಕೊಂಡರು. "ಹೋಗು, ಆ ದ್ರವದ ಬಗ್ಗೆ ಪುಸ್ತಕದಲ್ಲಿ ಏನಿದೆ ನೋಡ್ಕೊಂಡು ಬಾ."

ಸಂಜೆ ಎಲ್ಲರೂ ಮೇಜಿನ ಸುತ್ತ ಸೇರಿದರು.

"ಕಳ್ಳರು ಯಾರೂ ಇಲ್ಲ," ಎಂದರು ದೊಡ್ಡಮ್ಮ. "ಗುರುವಾರ ನನ್ನ ತೊಟ್ಟಿಗೆ ಚೂಪು ಕೊಳವೆ ಬರ್ತವೆ. ಸೋಮವಾರ ಒಂದೂ ಬರಲ್ಲ. ಅಂದ್ರೆ ಅವತ್ತು ಯಂತ್ರ ತಿರುಗಿಲ್ಲ, ದ್ರವ ಕೋಶದ ಜೊತೇಲೇ ತಟ್ಟೆಗೆ ಹೋಗಿದೆ. ಆ ದ್ರವಾನೂ ಈ ಕೋಶಗಳನ್ನ ಬಲಿಸುತ್ತೆ. ಇವಳು ಓದಿದ ಪುಟ ಇಲ್ಲಿದೆ, ನೋಡಿ."

ಡಾಕ್ಟರು ಪುಟವನ್ನು ಎರಡು ಸಲ ಓದಿದರು. "ನಾನು ಮೊದಲು ಬೆಳೆಸ್ತಿದ್ದ ಕೋಶಗಳು ಬಲು ನಾಜೂಕು. ತಿರುಗಿಸಿದ್ರೆ ಸಾಯ್ತಿದ್ವು. ತಿರುಗಿಸದೆ ಹಾಕೋ ಅದೇ ರೂಢಿ ಕೈಗೆ ಹತ್ತಿಬಿಟ್ಟಿದೆ," ಎಂದು ನನ್ನ ಕಡೆ ತಿರುಗಿದರು. "ತಪ್ಪು ನಂದು ಕಣಮ್ಮ. ಎಲ್ಲರೆದುರು ಅಂದೆ, ಎಲ್ಲರೆದುರೇ ಹೇಳ್ತಿದ್ದೀನಿ. ನಾಳೆ ಬಾ."

ಆಮೇಲೆ ತೊಟ್ಟಿಯ ಹತ್ತಿರ ಹೋಗಿ, "ನೀವೂ ನನ್ನ ನಂಬಿದ್ರಲ್ಲ, ದೊಡ್ಡಮ್ಮ," ಎಂದೆ.

"ನಂಬಿದ್ದೆ. ಆದ್ರೆ ಬರೀ ಅದನ್ನ ಡಾಕ್ಟರಿಗೆ ಹೇಳಿ ಏನುಪಯೋಗ? ನಾಳೆ ಇನ್ನೊಂದು ತಟ್ಟೆ ಕೆಟ್ಟರೆ ಮತ್ತೆ ನಿನ್ನೇ ನೋಡ್ತಿದ್ರು."

ಅವತ್ತು ನನ್ನ ಪರವಾಗಿ ಮಾತಾಡಿದವರು ಮೂರು ಜನ. ಅವರಿಗೂ ನಾನು ಋಣಿ. ಆದರೆ ಮಾರನೆಯ ದಿನ ನಾನು ತಲೆಯೆತ್ತಿ ಲ್ಯಾಬಿನೊಳಗೆ ಕಾಲಿಟ್ಟದ್ದು ದೊಡ್ಡಮ್ಮನಿಂದ.